ಕೆರಿಬಿಯನ್ ಶಾಲೆಯಲ್ಲೊಂದು ವರ್ಷ

ಓದು ಮುಗಿಸಿ ಕೆಲಸ ಹಿಡಿಯುವ ಮೊದಲು ಒಂದೆರಡು ವರ್ಷ ಹೊರದೇಶದ ಶಾಲೆಯಲ್ಲಿ ದುಡಿದು ಬರುವ ರೂಢಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅರವತ್ತು ವರ್ಷಕ್ಕೂ ಹಳೆಯದು. 1958ರಲ್ಲಿ ಅಲೆಕ್ ಡಿಕ್ಸನ್ ಮತ್ತು ಅವರ ಪತ್ನಿ ಮೋರಾ ಲಂಡನ್ನಿನಲ್ಲಿ ವಿಎಸ್‌ಒ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದಾಗ ಮೊದಲು ಹೊರಟವರು ಆಗಷ್ಟೇ ಶಾಲೆ ಬಿಟ್ಟ ಹದಿನೆಂಟರ ಹುಡುಗರು. 1961ರಲ್ಲಿ ಅಮೆರಿಕ ಸರ್ಕಾರ ಪೀಸ್ ಕೋರ್ ಆರಂಭಿಸಿತು. ಅದೇ ವರ್ಷ ಅದರ ಒಂದು ತಂಡ ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ ಹೋಯಿತು. 1967ರಲ್ಲಿ ಪ್ರಾಜೆಕ್ಟ್ ಟ್ರಸ್ಟ್ ಹುಟ್ಟಿತು; ಅದರ ನೆಲೆ ಸ್ಕಾಟ್ಲೆಂಡಿನ ಕಾಲ್ ಎಂಬ ಪುಟ್ಟ ದ್ವೀಪ. ಜರ್ಮನಿಯ ಸರ್ಕಾರ 18ರಿಂದ 28 ವಯಸ್ಸಿನವರಿಗಾಗಿ ವೆಲ್ಟ್‌ವೆರ್ಟ್ಸ್ ಯೋಜನೆ ತಂದದ್ದು 2008ರಲ್ಲಿ.

ಈ ಯುವಕ ಯುವತಿಯರನ್ನು ಕೆರಿಬಿಯನ್ ಶಾಲೆಗಳು ಸೇರಿಸಿಕೊಳ್ಳಲು ಕಾರಣವಿತ್ತು. ಜಮೈಕಾ, ಟ್ರಿನಿಡಾಡ್ 1962ರಲ್ಲಿ, ಗಯಾನಾ, ಬಾರ್ಬಡೋಸ್ 1966ರಲ್ಲಿ ಸ್ವತಂತ್ರವಾದವು. ಹೊಸ ಸರ್ಕಾರಗಳು ಹಳ್ಳಿಹಳ್ಳಿಗೂ ಶಾಲೆ ತೆರೆಯಲು ಹೊರಟವು, ಆದರೆ ಮೇಷ್ಟ್ರುಗಳು ಸಾಲಲಿಲ್ಲ. ತರಬೇತಿ ಪಡೆದವರು ಇಂಗ್ಲೆಂಡ್, ಅಮೆರಿಕಗಳ ಹೆಚ್ಚಿನ ಸಂಬಳಕ್ಕೆ ಹೊರಟುಬಿಡುವ ಪರಿಪಾಠ ಈಗಲೂ ನಿಂತಿಲ್ಲ. 2001ರ ಹೊತ್ತಿಗೆ ನ್ಯೂಯಾರ್ಕ್ ನಗರದ ಶಾಲೆಗಳವರು ಜಮೈಕಾಕ್ಕೇ ಬಂದು ಸಂದರ್ಶನ ನಡೆಸಿ ಶಿಕ್ಷಕರನ್ನು ಕರೆದೊಯ್ದರು. ಇದರಿಂದ ಕಂಗೆಟ್ಟ ಸಣ್ಣ ದೇಶಗಳ ಒತ್ತಾಯದ ಮೇಲೆ ಕಾಮನ್‌ವೆಲ್ತ್ 2004ರಲ್ಲಿ ಶಿಕ್ಷಕರ ನೇಮಕಕ್ಕೊಂದು ನಿಯಮಾವಳಿಯನ್ನೇ ಒಪ್ಪಿತು. ಅನುಭವಿ ಶಿಕ್ಷಕಿ ಮಯಾಮಿಗೆ ಹೋದ ಮೇಲೆ ಖಾಲಿ ಬಿದ್ದ ತರಗತಿಗೆ ಅನುಭವವಿಲ್ಲದ ವಿದೇಶಿ ಹುಡುಗಿಯೊಬ್ಬಳು ಬರುತ್ತಾಳೆ. ಲೆಕ್ಕ ಸರಿಹೋಯಿತೆಂದು ಯಾರೂ ಹೇಳಲಾರರು.

ಮೇಲಿನ ಯೋಜನೆಗಳು ಬಹುಮಟ್ಟಿಗೆ ತಂತಮ್ಮ ದೇಶದವರಿಗೇ ಮೀಸಲು. ಕೋಲಾರ ಜಿಲ್ಲೆಯ ಆವನಿಯಂಥ ಊರಿನ ಪದವೀಧರೆಗೆ ಪೀಸ್ ಕೋರ್‌ನ ಬಾಗಿಲು ತೆರೆಯುವುದಿಲ್ಲ. ಆಕೆಗೆ ಇರುವ ದಾರಿ ಎರಡು: ಶಾಲೆಯೊಂದರಿಂದ ನೇರವಾಗಿ ಕೆಲಸದ ಪತ್ರ ಪಡೆಯುವುದು, ಇಲ್ಲವೇ ಯೋಗ, ನೃತ್ಯ, ತಬಲಾ, ಹಿಂದಿ ಕಲಿಸಬಲ್ಲವಳಾದರೆ ಭಾರತೀಯ ಸಾಂಸ್ಕೃತಿಕ ಸಂಬಂಧ ಮಂಡಳಿಯ ಮೂಲಕ ಹೋಗುವುದು. ಮಂಡಳಿಯ ಕೇಂದ್ರಗಳು ಗಯಾನಾ, ಸುರಿನಾಮ್, ಟ್ರಿನಿಡಾಡ್‌ಗಳಲ್ಲಿವೆ. ಜಮೈಕಾ, ಬಾರ್ಬಡೋಸ್‌ನಂಥ ದೇಶಗಳಿಗೆ ಪ್ರವಾಸ ಹೋಗಲು ಭಾರತೀಯರಿಗೆ ವೀಸಾ ಬೇಕಿಲ್ಲ ಎಂದು ನಂಬಿ ಕೆಲವರು ಟಿಕೆಟ್ ತೆಗೆಸಿಬಿಡುತ್ತಾರೆ. ಪ್ರವಾಸಿಯಾಗಿ ಇಳಿದವರು ದುಡಿಯುವಂತಿಲ್ಲ. ಜಮೈಕಾದಲ್ಲಿ ಸಂಬಳವಿಲ್ಲದ ಸೇವೆಗೂ ಕಾರ್ಮಿಕ ಇಲಾಖೆಯ ಪರವಾನಗಿ ಕಡ್ಡಾಯ. ಮಕ್ಕಳ ಜೊತೆಗಿನ ಕೆಲಸವಾದ್ದರಿಂದ ಪೊಲೀಸ್ ಪರಿಶೀಲನೆಯ ಪತ್ರವನ್ನೂ ಕೇಳುತ್ತಾರೆ. ಗಯಾನಾ, ಸುರಿನಾಮ್, ಟ್ರಿನಿಡಾಡ್‌ಗಳಿಂದ ಮರಳುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ತೋರಿಸದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಈ ಲಸಿಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಬೆಂಗಳೂರಿನ ಅಧಿಕೃತ ಕೇಂದ್ರಕ್ಕೇ ಹೋಗಬೇಕು. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಲಂಡನ್, ನ್ಯೂಯಾರ್ಕ್‌ನಂಥ ಊರುಗಳನ್ನು ಹಾದು ಹೋಗಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ಬೇರೆ ವೀಸಾ ಬೇಕು. ಇಷ್ಟೆಲ್ಲ ಆಗಿ ತಲುಪಿದರೆ, ಜಮೈಕಾದ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ ಇರುತ್ತದೆ. ಅಲ್ಲಿ ಬೆಳಗಿನ ಪ್ರಾರ್ಥನೆಯ ಗಂಟೆ ಬಾರಿಸುವಾಗ ಆವನಿಯಲ್ಲಿ ಸಂಜೆಯ ದೀಪ ಹಚ್ಚಿ ಆಗಿರುತ್ತದೆ.

ಶಾಲೆಯ ವರ್ಷ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಜುಲೈ ಮೊದಲ ವಾರಗಳಲ್ಲಿ ಮುಗಿಯುತ್ತದೆ. ಕ್ರಿಸ್ಮಸ್ ಮತ್ತು ಈಸ್ಟರ್ ರಜೆಗಳು ಅದನ್ನು ಮೂರು ಅವಧಿಗಳಾಗಿ ಒಡೆಯುತ್ತವೆ. ಜಮೈಕಾದ ಸರ್ಕಾರಿ ಶಾಲೆಗಳ ಹುಡುಗರಿಗೆ ಖಾಕಿ ಅಂಗಿ, ಖಾಕಿ ಪ್ಯಾಂಟು; ಇಸ್ತ್ರಿಯ ಗೆರೆ ನೆಟ್ಟಗಿರಬೇಕು. ಮಕ್ಕಳು ಶಿಕ್ಷಕರನ್ನು ನಮ್ಮಲ್ಲಿಯ ಹಾಗೇ ಮಿಸ್, ಸರ್ ಎನ್ನುತ್ತಾರೆ. ಬಹಳಷ್ಟು ಶಾಲೆಗಳನ್ನು ಕಟ್ಟಿದ್ದು ಚರ್ಚುಗಳಾದ್ದರಿಂದ ದಿನ ಆರಂಭವಾಗುವುದು ಹಾಡು, ಪ್ರಾರ್ಥನೆಗಳಿಂದ. ಕೋಣೆಗಳು ಸಾಲದ ಕಡೆ ಒಂದೇ ಕಟ್ಟಡದಲ್ಲಿ ಎರಡು ಪಾಳಿ ನಡೆಸಿದ್ದೂ ಉಂಟು. ಮಧ್ಯಾಹ್ನ ಗೇಟಿನ ಬಳಿ ಮಾರುವವರನ್ನು ಮಕ್ಕಳು ಮುತ್ತಿಕೊಳ್ಳುತ್ತಾರೆ: ಮೆತ್ತಗಿನ ಕೊಕೊ ಬ್ರೆಡ್ಡನ್ನು ಬಗೆದು ಅದರೊಳಗೆ ಖಾರದ ಪ್ಯಾಟಿ ಇಟ್ಟು ಕೊಡುತ್ತಾರೆ, ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ತಣ್ಣನೆಯ ಬಣ್ಣದ ಶರಬತ್ತು. ಮೂಲೆ ಕಚ್ಚಿ ಹೀರುವುದು.

ಪರೀಕ್ಷೆಯ ಭಯ ನಮ್ಮವರಿಗೆ ಹೊಸದೆನಿಸದು. ಹನ್ನೊಂದು ಹನ್ನೆರಡರ ವಯಸ್ಸಿಗೇ ಮೊದಲ ಗಂಡಾಂತರ. ಜಮೈಕಾದಲ್ಲಿ 2019ರಿಂದ ಪಿಇಪಿ, ಟ್ರಿನಿಡಾಡ್‌ನಲ್ಲಿ 2001ರಿಂದ ಎಸ್‌ಇಎ ಎಂಬ ಪರೀಕ್ಷೆಗಳಿವೆ. ಮಗು ಯಾವ ಹೈಸ್ಕೂಲಿಗೆ ಹೋಗುತ್ತದೆ ಎಂಬುದನ್ನು ಅವೇ ತೀರ್ಮಾನಿಸುತ್ತವೆ. ಹೈಸ್ಕೂಲಿನ ಐದನೇ ವರ್ಷ ಸಿಎಸ್‌ಇಸಿ ಬರುತ್ತದೆ, ಅವರ ಎಸ್ಸೆಸ್ಸೆಲ್ಸಿ. ಇದನ್ನು ನಡೆಸುವ ಕೆರಿಬಿಯನ್ ಪರೀಕ್ಷಾ ಮಂಡಳಿ 1972ರಲ್ಲಿ ಸ್ಥಾಪನೆಯಾಯಿತು, ಮೊದಲ ಪರೀಕ್ಷೆ 1979ರಲ್ಲಿ. ಅದಕ್ಕೂ ಮೊದಲು ಪ್ರಶ್ನೆಪತ್ರಿಕೆಗಳು ಇಂಗ್ಲೆಂಡಿನಿಂದ ಬರುತ್ತಿದ್ದವು. ಬಿಸಿಲ ದ್ವೀಪದ ಮಕ್ಕಳು ಕಂಡರಿಯದ ಹಿಮದ ಬಗ್ಗೆ ಬರೆಯುತ್ತಿದ್ದರು. ಈಚಿನ ವರ್ಷಗಳಲ್ಲಿ ಗಣಿತದಲ್ಲಿ ಪಾಸಾಗುವವರು ಅರ್ಧಕ್ಕಿಂತ ಕಡಿಮೆ. ಹೊರಗಿನಿಂದ ಬಂದವರನ್ನು ಮುಖ್ಯೋಪಾಧ್ಯಾಯರು ಮೊದಲು ಕೇಳುವುದೂ ಗಣಿತ ಹೇಳಿಕೊಡುತ್ತೀರಾ ಎಂದೇ.

ಆದರೆ ಸ್ವಯಂಸೇವಕರಿಗೆ ಸಾಮಾನ್ಯವಾಗಿ ಬೀಳುವ ಕೆಲಸ ಓದು ಹಿಂದುಳಿದ ನಾಲ್ಕೈದು ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸುವುದು. ಭಾಷೆಯ ನಿಜವಾದ ತೊಡಕು ಎದುರಾಗುವುದು ಅಲ್ಲೇ. ಜಮೈಕಾದ ಅಧಿಕೃತ ಭಾಷೆ ಇಂಗ್ಲಿಷ್, ಶಾಲೆಯ ಭಾಷೆಯೂ ಅದೇ. ಮನೆಯಲ್ಲಿ, ಮೈದಾನದಲ್ಲಿ, ಜಗಳದಲ್ಲಿ ಮಕ್ಕಳಾಡುವುದು ಪಟ್ವಾ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ತಂದವರ ನುಡಿಗಳೂ ತೋಟದೊಡೆಯರ ಇಂಗ್ಲಿಷೂ ಬೆರೆತು ಹುಟ್ಟಿದ ಭಾಷೆ ಅದು. ಪದಗಳು ಬಹುಪಾಲು ಇಂಗ್ಲಿಷಿನವೇ, ಕಟ್ಟು ಬೇರೆ. ಮಕ್ಕಳು ಎನ್ನಲು ‘ದಿ ಪಿಕ್ನಿ ಡೆಮ್’ ಎನ್ನುತ್ತಾರೆ. ಬಹುವಚನ ತೋರಿಸಲು ಹಿಂದೆ ‘ಡೆಮ್’ ಸೇರಿಸಿದರೆ ಆಯಿತು. ನಿನ್ನೆ ಸಂತೆಗೆ ಹೋದೆ ಎನ್ನಲು ಕ್ರಿಯಾಪದ ಬದಲಿಸಬೇಕಿಲ್ಲ, ನಿನ್ನೆ ಎಂದದ್ದೇ ಸಾಕು. ಅದೇ ಮಗು ಇಂಗ್ಲಿಷ್ ಪ್ರಬಂಧದಲ್ಲಿ ಭೂತಕಾಲದ ರೂಪ ಬಿಟ್ಟು ಬರೆದಾಗ ಶಿಕ್ಷಕರ ಕೆಂಪು ಪೆನ್ನು ಓಡುತ್ತದೆ. ಮಗು ಹಾಗೆ ಬರೆದದ್ದು ಮನೆಯ ವ್ಯಾಕರಣದ ಪ್ರಕಾರ.

ಬರ್ಲಿನ್ನಿನಿಂದ ಬಂದ ಹುಡುಗನಿಗೆ ಇದು ಅರ್ಥವಾಗಲು ತಿಂಗಳುಗಳು ಬೇಕು. ಆವನಿ ಹೋಬಳಿಯವರಿಗೆ ಬೇಕಾಗದು. ಆಂಧ್ರಕ್ಕೆ ತಾಗಿಕೊಂಡ ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮನೆಯ ಮಾತು ತೆಲುಗು, ಶಾಲೆಯ ಪಾಠ ಕನ್ನಡ ಎಂಬ ಮಕ್ಕಳು ತರಗತಿ ತುಂಬ ಇರುತ್ತಾರೆ. ತೆಲುಗಿನಲ್ಲಿ ಅಮ್ಮ ಬಂದರೂ ‘ವಚ್ಚಿಂದಿ’, ಬಸ್ಸು ಬಂದರೂ ‘ವಚ್ಚಿಂದಿ’. ಹಾಗಾಗಿ ಒಂದನೇ ತರಗತಿಯ ಮಗು ಕನ್ನಡದಲ್ಲಿ ‘ಅಮ್ಮ ಬಂತು’ ಎಂದರೆ ಅದಕ್ಕೆ ಅಮ್ಮನ ಮೇಲೆ ಗೌರವ ಕಡಿಮೆ ಎಂದಲ್ಲ, ದಡ್ಡತನವೂ ಅಲ್ಲ. ಎರಡೂ ಭಾಷೆಗಳ ಪದಗಳು ಹತ್ತಿರ ಇರುವುದರಿಂದಲೇ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಪೂರ್ತಿ ಬೇರೆ ಭಾಷೆಯ ಮಗು ಬಂದಿದ್ದರೆ ಮೇಷ್ಟ್ರು ಮೊದಲಿನಿಂದ ಕಲಿಸುತ್ತಿದ್ದರು. ಹತ್ತಿರದ ಭಾಷೆಯ ಮಗುವಿಗೆ ತಪ್ಪು ಮಾಡಿದೆ ಎನ್ನುತ್ತಾರೆ. ಜಮೈಕಾದ ಪಟ್ವಾ ಮಗುವಿನ ಪಾಡೂ ಇದೇ. ಗಡಿನಾಡಿನ ಶಾಲೆಯಲ್ಲಿ ಓದಿದವರು ಕೆರಿಬಿಯನ್ ತರಗತಿಗೆ ಒಯ್ಯಬಹುದಾದ ಅತಿ ದೊಡ್ಡ ಅರ್ಹತೆ ಈ ತಿಳಿವಳಿಕೆಯೇ, ಅದನ್ನು ಯಾವ ಅರ್ಜಿ ನಮೂನೆಯೂ ಕೇಳುವುದಿಲ್ಲ.

ಜಮೈಕಾದ ವಿದ್ವಾಂಸರು ಸುಮ್ಮನೆ ಕೂತಿಲ್ಲ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಮೋನಾ ಕ್ಯಾಂಪಸ್‌ನಲ್ಲಿ 2002ರಲ್ಲಿ ಜಮೈಕನ್ ಭಾಷಾ ಘಟಕ ಆರಂಭವಾಯಿತು. ಕೆಲವು ಪ್ರಾಥಮಿಕ ಶಾಲೆಗಳಲ್ಲಿ ಪಟ್ವಾ ಮತ್ತು ಇಂಗ್ಲಿಷ್ ಎರಡರಲ್ಲೂ ಓದು ಬರಹ ಕಲಿಸಿ ನೋಡಿದರು. ಹೈಟಿಯಲ್ಲಿ ಕ್ರಿಯೋಲ್ ಭಾಷೆಗೆ 1987ರ ಸಂವಿಧಾನವೇ ಅಧಿಕೃತ ಸ್ಥಾನ ಕೊಟ್ಟಿದೆ. ಇಂಗ್ಲಿಷ್ ದ್ವೀಪಗಳಲ್ಲಿ ಮಾತ್ರ ಪೋಷಕರ ವಿರೋಧ ಜೋರು. ಪಟ್ವಾ ಮನೆಯಲ್ಲೇ ಬರುತ್ತದೆ, ಶಾಲೆಗೆ ಕಳಿಸುವುದು ಇಂಗ್ಲಿಷ್ ಕಲಿಯಲಿ ಎಂದು, ಎನ್ನುವುದು ಅವರ ವಾದ. ಮುಳಬಾಗಿಲಿನ ಇಂಗ್ಲಿಷ್ ಮಾಧ್ಯಮ ಶಾಲೆಗಳ ಹಳದಿ ಬಸ್ಸುಗಳಿಗೆ ಕಾಯುವ ಪೋಷಕರ ವಾದವೂ ಇದಕ್ಕಿಂತ ಬೇರೆಯಲ್ಲ.

ಟ್ರಿನಿಡಾಡ್ ಮತ್ತು ಗಯಾನಾಗಳ ಶಾಲೆಗೆ ಹೋದವರಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಹಾಜರಿ ಪುಸ್ತಕದಲ್ಲಿ ಸೀತಾ, ಕೃಷ್ಣ, ರಾಮಸ್ವಾಮಿಯಂಥ ಹೆಸರುಗಳು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಗಿ 1838ರಿಂದ ಗಯಾನಾಕ್ಕೆ, 1845ರಿಂದ ಟ್ರಿನಿಡಾಡ್‌ಗೆ ಭಾರತದಿಂದ ಕರಾರು ಕೂಲಿಗಳನ್ನು ಸಾಗಿಸಿದರು. ಈ ಸಾಗಣೆ 1917ರಲ್ಲಿ ನಿಂತಿತು. ಗಯಾನಾಕ್ಕೆ ಸುಮಾರು 2,39,000, ಟ್ರಿನಿಡಾಡ್‌ಗೆ ಸುಮಾರು 1,44,000 ಮಂದಿ ಹೋದರು. ಹೆಚ್ಚಿನವರು ಕಲ್ಕತ್ತೆಯಿಂದ ಹೊರಟ ಭೋಜಪುರಿ ಸೀಮೆಯವರು. ಮದ್ರಾಸಿನ ಹಡಗುಗಳಲ್ಲಿ ಹೋದವರು ತಮಿಳರು, ತೆಲುಗರು. ಗಯಾನಾದಲ್ಲಿ ಇವರ ಮೊಮ್ಮಕ್ಕಳ ಮೊಮ್ಮಕ್ಕಳನ್ನು ಇಂದಿಗೂ ಮದ್ರಾಸಿಗಳೆನ್ನುತ್ತಾರೆ, ಮಾರಿಯಮ್ಮನ ಪೂಜೆ ಅಲ್ಲಿ ನಡೆದೇ ಇದೆ. ಈ ಕೂಲಿಗಳ ಮಕ್ಕಳಿಗೆ ಟ್ರಿನಿಡಾಡ್‌ನಲ್ಲಿ ಮೊದಲು ಶಾಲೆ ತೆರೆದವರಲ್ಲಿ ಪ್ರಮುಖರು 1868ರಲ್ಲಿ ಬಂದ ಕೆನಡಾದ ಪಾದ್ರಿ ಜಾನ್ ಮಾರ್ಟನ್. 1952ರಲ್ಲಿ ಸನಾತನ ಧರ್ಮ ಮಹಾಸಭಾ ಹುಟ್ಟಿದ ಮೇಲೆ ಹಿಂದೂ ಶಾಲೆಗಳು ಸಾಲುಸಾಲಾಗಿ ತೆರೆದವು. ಮೊದಮೊದಲು ಅವುಗಳನ್ನು ದನದ ಕೊಟ್ಟಿಗೆ ಎಂದು ಜರೆದವರಿದ್ದರು. ಅಲ್ಲಿಗೆ ಬರುವ ಮಕ್ಕಳು ಈಗ ಅಜ್ಜಿಯ ಭೋಜಪುರಿಯನ್ನಾಗಲಿ ತಮಿಳನ್ನಾಗಲಿ ಆಡುವುದಿಲ್ಲ. ಉಳಿದದ್ದು ಹಬ್ಬ, ಅಡುಗೆ. ದಾಲ್‌ಪುರಿ ಎಂಬ ಅವರ ರೊಟ್ಟಿಯೊಳಗೆ ಬೇಯಿಸಿ ಪುಡಿಮಾಡಿದ ಬೇಳೆ ತುಂಬಿ ಲಟ್ಟಿಸಿರುತ್ತಾರೆ, ಬೆಲ್ಲವಿಲ್ಲದ ಹೋಳಿಗೆಯಂತೆ.

ರಾಮಾಯಣವೂ ಉಳಿದಿದೆ. ಸೇಂಟ್ ಲೂಸಿಯಾದ ಕವಿ ಡೆರೆಕ್ ವಾಲ್ಕಾಟ್ 1992ರ ನೊಬೆಲ್ ಭಾಷಣವನ್ನು ಶುರುಮಾಡಿದ್ದೇ ಟ್ರಿನಿಡಾಡ್‌ನ ಫೆಲಿಸಿಟಿ ಎಂಬ ಹಳ್ಳಿಯ ರಾಮಲೀಲೆಯಿಂದ. ವಾಲ್ಮೀಕಿಯ ಆಶ್ರಮ ಇಲ್ಲೇ ಇತ್ತು, ಲವಕುಶರು ಇಲ್ಲೇ ಹುಟ್ಟಿದರು ಎಂದು ಸೀತೆಯ ಬೆಟ್ಟ ತೋರಿಸುವ ಆವನಿಯವರಿಗೆ ಅಲ್ಲಿ ಹೋಗಿ ಮಾತು ಶುರುಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ. ಕ್ರಿಕೆಟ್ ಇನ್ನೊಂದು ವಿಷಯ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403ರ ಗುರಿ ಬೆನ್ನಟ್ಟಿ ಗೆದ್ದ ಪಂದ್ಯದಲ್ಲಿ ಜಿ.ಆರ್. ವಿಶ್ವನಾಥ್ 112 ಹೊಡೆದದ್ದನ್ನು ನೆನೆಯುವ ಹಿರಿಯರು ಅಲ್ಲೂ ಸಿಗುತ್ತಾರೆ. ಜಮೈಕಾದ ಮಕ್ಕಳಿಗೆ ಮಾತ್ರ ಓಟವೇ ಹೆಚ್ಚು. 1910ರಿಂದ ನಡೆದುಬಂದ ‘ಚಾಂಪ್ಸ್’ ಎಂಬ ಅಂತರಶಾಲಾ ಕೂಟದ ವಾರ ಪಾಠದ ಕಡೆ ಯಾರಿಗೂ ಗಮನವಿರದು. ಉಸೇನ್ ಬೋಲ್ಟ್ ಕೂಡ ಟ್ರೆಲಾನಿಯ ವಿಲಿಯಂ ನಿಬ್ ಹೈಸ್ಕೂಲಿನಿಂದ ಈ ಕೂಟಕ್ಕೆ ಬಂದವನೇ.

ಶಾಲಾ ವರ್ಷದ ಮೊದಲ ಅವಧಿ ಬೀಳುವುದೇ ಚಂಡಮಾರುತದ ಕಾಲದಲ್ಲಿ, ಆ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಡೊಮಿನಿಕಾವನ್ನು, 2024ರ ಜುಲೈನಲ್ಲಿ ಬೆರಿಲ್ ಗ್ರೆನಡಾದ ಕಾರಿಯಾಕು ದ್ವೀಪವನ್ನು, 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಜಮೈಕಾದ ಪಶ್ಚಿಮ ಭಾಗವನ್ನು ಹೊಡೆದುಹಾಕಿದವು. ಊರಿನಲ್ಲಿ ಗಟ್ಟಿ ಕಟ್ಟಡ ಶಾಲೆಯದೇ ಆದ್ದರಿಂದ ಜನ ಅಲ್ಲೇ ಆಶ್ರಯ ಪಡೆಯುತ್ತಾರೆ, ಪಾಠ ವಾರಗಟ್ಟಲೆ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಸ್ವಯಂಸೇವಕರ ಕೆಲಸ ನೀರು ಹೊರುವುದು, ಒದ್ದೆ ಪುಸ್ತಕ ಒಣಗಿಸುವುದು.

ಈ ಒಂದು ವರ್ಷದಿಂದ ಶಾಲೆಗೆ ಏನು ದಕ್ಕುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಷ್ಟೇನೂ ಹಿತವಲ್ಲ. ಹದಿನೆಂಟರ ಹರೆಯದವರನ್ನು ಒಂಟಿಯಾಗಿ ತರಗತಿಗೆ ನಿಲ್ಲಿಸಿದ ಕಡೆ ಮಕ್ಕಳಿಗೆ ನಷ್ಟವೇ ಹೆಚ್ಚು. ಮೊದಲ ಅವಧಿ ಮಕ್ಕಳ ಮಾತು ತಿಳಿಯುವುದರಲ್ಲಿ, ಕೊನೆಯದು ಊರಿಗೆ ಹೊರಡುವ ತಯಾರಿಯಲ್ಲಿ ಕಳೆಯುತ್ತದೆ. ಖಾಯಂ ಶಿಕ್ಷಕರೊಬ್ಬರ ಕೈಕೆಳಗೆ ಸಹಾಯಕರಾಗಿ ಇಟ್ಟುಕೊಂಡ ಶಾಲೆಗಳಿಗೆ ನಿಜವಾದ ಪ್ರಯೋಜನ ಸಿಕ್ಕಿದೆ. ವಿಎಸ್‌ಒ ಕೂಡ ಮುಂದೆ ಶಾಲೆ ಬಿಟ್ಟ ಹುಡುಗರನ್ನು ಕಳಿಸುವುದನ್ನು ಕೈಬಿಟ್ಟು ಅನುಭವಿಗಳನ್ನೇ ಆರಿಸತೊಡಗಿತು. ವರ್ಷಕ್ಕೊಬ್ಬರು ಬದಲಾಗುವ ಪಾಡು ನಮ್ಮ ಸರ್ಕಾರಿ ಶಾಲೆಗಳಿಗೂ ಗೊತ್ತು. ಶೈಕ್ಷಣಿಕ ವರ್ಷದ ಮಟ್ಟಿಗೆ ಬರುವ ಅತಿಥಿ ಶಿಕ್ಷಕರು ಎಷ್ಟೇ ಚೆನ್ನಾಗಿ ಕಲಿಸಿದರೂ ಮುಂದಿನ ಜೂನ್‌ನಲ್ಲಿ ಅದೇ ಮಕ್ಕಳಿಗೆ ಸಿಗುವ ಖಾತ್ರಿಯಿಲ್ಲ. ಅವರಿಗೆ ಹೊಟ್ಟೆಪಾಡಿನ ಪ್ರಶ್ನೆಯೂ ಇದೆ, ಸ್ವಯಂಸೇವಕರಿಗೆ ಅದಿಲ್ಲ.

ಸಿಎಸ್‌ಇಸಿ ಪರೀಕ್ಷೆ ಮೇ, ಜೂನ್‌ಗಳಲ್ಲಿ ನಡೆದು ಫಲಿತಾಂಶ ಆಗಸ್ಟ್‌ನಲ್ಲಿ ಬರುತ್ತದೆ. ಜುಲೈನಲ್ಲೇ ಹೊರಟ ಸ್ವಯಂಸೇವಕರು ತಾವು ಹೇಳಿಕೊಟ್ಟ ಮಕ್ಕಳ ಅಂಕ ತಿಳಿಯುವುದು ಫೋನಿನಲ್ಲಿ. ಹಿಂದುಳಿದ ಮಕ್ಕಳಲ್ಲಿ ಯಾರು ಎಲ್ಲಿಯವರೆಗೆ ಓದಬಲ್ಲರು ಎಂದು ಬರೆದಿಟ್ಟು ಬಂದರೆ ಸೆಪ್ಟೆಂಬರ್‌ನಲ್ಲಿ ಬರುವವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ. ಕರ್ನಾಟಕಕ್ಕೆ ಮರಳಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಬೇಕೆನ್ನುವವರಿಗೆ ಈ ವರ್ಷದ ಅನುಭವ ಪತ್ರವೊಂದೇ ಸಾಲದು, ಕಲಿಸುವ ತರಗತಿಗೆ ತಕ್ಕಂತೆ ಡಿ.ಎಲ್.ಎಡ್ ಅಥವಾ ಬಿ.ಎಡ್ ಮಾಡಿರಬೇಕು, ಟಿಇಟಿ ಪಾಸಾಗಿರಬೇಕು.