ತಂತಿಯಿಲ್ಲದ ಬೈರಿಗೆಯ ಆಯ್ಕೆ

ಬಡಗಿಯ ಕೈಯ ಬೈರಿಗೆ ನಿಂತರೆ ಅಂದಿನ ಕೂಲಿಯೂ ನಿಂತಂತೆ. ವಿದ್ಯುತ್ ಕೆಲಸದವರ, ಫಿಟ್ಟರುಗಳ ಪಾಡೂ ಇದೇ. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಕೈಕಸುಬನ್ನು ನಂಬಿ ಸಂಸಾರ ತೂಗಿಸುವ ನಮ್ಮ ಬಂಧುಗಳು ಇಂಥ ಹೊತ್ತಿನಲ್ಲಿ ಅವಸರಪಟ್ಟು ಹಣ ಕಳೆದುಕೊಳ್ಳಬಾರದೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಹಿರಿಯರು ಹಗ್ಗ ಸುತ್ತಿ ಬೈರಿಗೆ ತಿರುಗಿಸುತ್ತಿದ್ದರು. ಬ್ಯಾಟರಿಯಿಂದ ತಿರುಗುವ ಬೈರಿಗೆಯನ್ನು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪೆನಿ 1961ರಲ್ಲಿ ಹೊರತಂದಿತು. 1971ರಲ್ಲಿ ಅಪೊಲೊ 15ರ ಯಾತ್ರಿಕರು ಚಂದ್ರನ ನೆಲವನ್ನು ಕೊರೆದದ್ದೂ ಬ್ಯಾಟರಿಯ ಬೈರಿಗೆಯಿಂದಲೇ. ಮೊದಲ ದಿನಗಳ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಜಾಗದಲ್ಲಿ ಈಗ ಹಗುರವಾದ ಲಿಥಿಯಂ-ಅಯಾನ್ ಬಂದಿದೆ.

ಕೆಟ್ಟದ್ದು ಯಂತ್ರವೋ ಬ್ಯಾಟರಿಯೋ ಎಂಬುದನ್ನು ಮೊದಲು ತಿಳಿಯಬೇಕು. ಅದೇ ಜಾತಿಯ ಬ್ಯಾಟರಿಯನ್ನು ಜೊತೆಗಾರರಿಂದ ಪಡೆದು ಹಾಕಿ ನೋಡಿದರೆ ಸಂಶಯ ತೀರುತ್ತದೆ. ಯಂತ್ರ ಮೊದಲಿನಂತೆ ತಿರುಗಿದರೆ ಬ್ಯಾಟರಿಯೊಂದನ್ನೇ ಕೊಳ್ಳಬಹುದು. ಆದರೆ ಅದರ ಬೆಲೆಯನ್ನು ಹೊಸ ಜೋಡಿಯ ಬೆಲೆಯೊಡನೆ ತೂಗಿ ನೋಡಬೇಕು. ಬ್ರಷ್ ಇರುವ ಮೋಟಾರು ಕಿಡಿ ಕಾರಿ ತಡೆತಡೆದು ಓಡುತ್ತಿದ್ದರೆ ಸವೆದ ಕಾರ್ಬನ್ ಬ್ರಷ್ ಬದಲಿಸಿದರೂ ಸಾಕಾದೀತು.

ಹೊಸದೇ ಬೇಕಾದರೆ, ಮನೆಯಲ್ಲಿರುವ ಗ್ರೈಂಡರು, ಗರಗಸಗಳ ಬ್ಯಾಟರಿ ಯಾವ ಕಂಪೆನಿಯದೆಂದು ನೋಡಿಕೊಳ್ಳಿರಿ. ಸಾಮಾನ್ಯವಾಗಿ ಒಂದು ಕಂಪೆನಿಯ ಬ್ಯಾಟರಿ ಮತ್ತೊಂದಕ್ಕೆ ಕೂಡುವುದಿಲ್ಲ. ಕಂಪೆನಿ ಬದಲಿಸುವುದೆಂದರೆ ಇಡೀ ಬಳಗವನ್ನೇ ಬದಲಿಸಿದಂತೆ.

ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ಮರುಳಾಗಬೇಕಿಲ್ಲ. 18 ವೋಲ್ಟ್ ಎಂದು ಬರೆದದ್ದೂ 20 ವೋಲ್ಟ್ ಮ್ಯಾಕ್ಸ್ ಎಂದು ಬರೆದದ್ದೂ ಐದು ಕೋಶಗಳ ಒಂದೇ ಬಗೆಯ ಬ್ಯಾಟರಿ. 18 ವೋಲ್ಟಿನಲ್ಲಿ 2 ಆಂಪೇರ್-ಅವರ್ ಬ್ಯಾಟರಿ 36 ವ್ಯಾಟ್-ಅವರ್ ಶಕ್ತಿ ಹಿಡಿದರೆ, 5 ಆಂಪೇರ್-ಅವರ್ ಬ್ಯಾಟರಿ 90 ಹಿಡಿಯುತ್ತದೆ, ಭಾರವೂ ಹೆಚ್ಚು. ಏಣಿಯ ಮೇಲೆ ಕೈಯೆತ್ತಿ ದುಡಿಯುವವರಿಗೆ ಚಿಕ್ಕದೇ ಹಿತ. ಪೀಠೋಪಕರಣ, ಸ್ವಿಚ್ಚು ಬೋರ್ಡುಗಳ ಕೆಲಸಕ್ಕೆ 12 ವೋಲ್ಟಿನದು ಸಾಕು. ತೇಗದ ಬಾಗಿಲು, ಕಬ್ಬಿಣ ಎಂದರೆ 13 ಮಿಲಿಮೀಟರ್ ಚಕ್ ಇರುವ 18 ವೋಲ್ಟಿನದು ಬೇಕು. ದಿನವಿಡೀ ಕಾಂಕ್ರೀಟು ಕೊರೆಯುವವರು ರೋಟರಿ ಹ್ಯಾಮರನ್ನೇ ಕೊಳ್ಳುವುದು ಲೇಸು.

ಊರಿನ ಹವೆಯನ್ನೂ ಗಮನಿಸಬೇಕು. ವಿಜಯವಾಡದ ಬೇಸಗೆ 40 ಡಿಗ್ರಿ ಮೀರುತ್ತದೆ. ಸೆಕೆ ಲಿಥಿಯಂ ಬ್ಯಾಟರಿಗೆ ಶತ್ರು. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಅದನ್ನು ಬಿಡಬಾರದು. ದುಡಿದು ಬಿಸಿಯಾದುದನ್ನು ಆರಿಸಿ ಚಾರ್ಜಿಗೆ ಹಾಕಬೇಕು. ವಿಶಾಖಪಟ್ಟಣದಲ್ಲಿ ಕಡಲಿನ ಉಪ್ಪುಗಾಳಿ ಚಕ್ಕಿಗೆ ತುಕ್ಕು ಹಿಡಿಸುತ್ತದೆ. ಸಂಜೆ ಒರೆಸಿ ಒಣಗಿದ ಕಡೆ ಇಡುವುದು ಒಳ್ಳೆಯದು.

ಕೊಳ್ಳುವ ಮುನ್ನ ಕೇಳಲೇಬೇಕಾದ ಮಾತೊಂದಿದೆ: ರಿಪೇರಿ ಎಲ್ಲಿ? ಎರಡೂ ಊರುಗಳ ನಡುವೆ ಸುಮಾರು 350 ಕಿಲೋಮೀಟರು ರೈಲುದಾರಿ. ಯಂತ್ರ ರಿಪೇರಿಗೆಂದು ಅಷ್ಟು ದೂರ ಹೋಗಿಬರುವುದಾದರೆ ಕಳೆಯುವುದು ಕೂಲಿಯ ದಿನಗಳೇ. ತಮ್ಮ ಊರಿನಲ್ಲೇ ರಿಪೇರಿಯಾಗುವ, ಬಿಡಿಭಾಗ ಸಿಗುವ ಬೈರಿಗೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲವೆಂದೇ ನಮ್ಮ ಎಣಿಕೆ.

ಸತ್ತ ಬ್ಯಾಟರಿಯನ್ನು ಕಸಕ್ಕೆಸೆಯಬೇಡಿರಿ, ಬೆಂಕಿಯ ಭಯವುಂಟು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಸಂಗ್ರಹಿಸುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಎಲ್ಲಿ ಒಪ್ಪಿಸಬೇಕೆಂದು ಅಂಗಡಿಯಲ್ಲಿ ವಿಚಾರಿಸಿರಿ.