ಆಟದ ಇಟ್ಟಿಗೆ ಒಂದಕ್ಕೆ ಎಷ್ಟು?

ಪಾಲಾರ್ ಚೆಕ್‌ಪೋಸ್ಟಿನ ಹತ್ತಿರ ಕರ್ನಾಟಕ ಮುಗಿಯುತ್ತದೆ. ಮಲೆ ಮಹದೇಶ್ವರ ಬೆಟ್ಟದಿಂದ ಕಾಡಿನ ನಡುವೆ ಸುತ್ತಿ ಸುತ್ತಿ ಇಳಿದ ರಸ್ತೆ ಇಲ್ಲಿ ಹಳ್ಳ ದಾಟಿ ಮೆಟ್ಟೂರಿನ ಕಡೆ ಹೊರಳಿಕೊಳ್ಳುತ್ತದೆ. ಇತ್ತ ಹಿಂದಕ್ಕೆ ಬೆಟ್ಟ, ಹನೂರು ದಾಟಿ ಕೊಳ್ಳೇಗಾಲ ಸೇರಲು ಸುಮಾರು ನೂರು ಕಿಲೋಮೀಟರು. ಈ ದಾರಿಯುದ್ದಕ್ಕೂ ಇರುವ ಊರುಗಳಲ್ಲಿ, ಅತ್ತ ಯಳಂದೂರಿನಲ್ಲಿ, ಮಗು ‘ಬ್ಲಾಕ್ಸ್ ಬೇಕು’ ಎಂದು ಹಟ ಹಿಡಿದರೆ ಅಪ್ಪ ಅಮ್ಮನ ಮುಂದೆ ನಾಲ್ಕು ಅಂಗಡಿಗಳು ಬಂದು ನಿಲ್ಲುತ್ತವೆ. ಬೆಟ್ಟದ ಮಾದಪ್ಪನ ಪರಸೆಯಲ್ಲಿ ನೆಲದ ಮೇಲೆ ಟಾರ್ಪಾಲು ಹಾಸಿ ಬಲೆಚೀಲದ ಬ್ಲಾಕ್ಸ್ ಮಾರುವವನು ಒಬ್ಬ. ಕೊಳ್ಳೇಗಾಲದ ಪೇಟೆಯ ಫ್ಯಾನ್ಸಿ ಸ್ಟೋರ್ ಇನ್ನೊಂದು. ಮೈಸೂರಿನ ಮಾಲ್ ಮೂರನೆಯದು. ನಾಲ್ಕನೆಯದು ಕೈಯಲ್ಲೇ ಇರುವ ಫೋನು. ಒಬ್ಬ ಚೌಕಾಸಿಗೆ ಬಗ್ಗುತ್ತಾನೆ, ಒಬ್ಬ ‘ಫಿಕ್ಸೆಡ್ ರೇಟ್’ ಎನ್ನುತ್ತಾನೆ, ಒಬ್ಬ ಎರಡು ಕೊಂಡರೆ ಒಂದು ಉಚಿತ ಎನ್ನುತ್ತಾನೆ, ಫೋನಿನಲ್ಲಿ ಕೆಂಪಕ್ಷರದಲ್ಲಿ ‘ಶೇ 60 ರಿಯಾಯಿತಿ’ ಮಿಟುಕುತ್ತದೆ. ಇವುಗಳಲ್ಲಿ ಯಾವುದು ಅಗ್ಗ ಎಂದು ತಿಳಿಯುವ ದಾರಿ ಶೇಕಡಾವಾರು ಲೆಕ್ಕವಲ್ಲ ಎಂಬುದು ನನ್ನ ವಾದ. ಕೊಟ್ಟ ಹಣಕ್ಕೆ ಮಗುವಿನ ಕೈಗೆ ಬಂದದ್ದೇನು, ಅದು ಎಷ್ಟು ದಿನ ಜೋಡಣೆಗೆ ಒದಗುತ್ತದೆ ಎಂಬ ಲೆಕ್ಕವೇ ಬೇರೆ, ಅದನ್ನು ಯಾವ ಅಂಗಡಿಯೂ ಬರೆದು ತೂಗುಹಾಕುವುದಿಲ್ಲ.

ರಿಯಾಯಿತಿ ಯಾವುದರ ಮೇಲೆ ಎಂದು ಮೊದಲು ಕೇಳಬೇಕು. ಎಂಆರ್‌ಪಿಯ ಮೇಲೆ. ಆ ಎಂಆರ್‌ಪಿಯನ್ನು ಯಾರು ಹಾಕಿದರು? ತಯಾರಿಸಿದವರು ಅಥವಾ ಆಮದು ಮಾಡಿಕೊಂಡವರು. ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲೇಬೇಕು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆದರೆ ಆ ಗರಿಷ್ಠ ಎಷ್ಟಿರಬೇಕೆಂದು ಆಟಿಕೆಯ ವಿಷಯದಲ್ಲಿ ಯಾರೂ ಹೇಳುವುದಿಲ್ಲ. ಹೀಗಾಗಿ ಒಂದು ಪೆಟ್ಟಿಗೆಗೆ 2,499 ಎಂದು ಅಚ್ಚು ಹಾಕಿ, ವರ್ಷವಿಡೀ 999ಕ್ಕೆ ಮಾರಿ, ‘ಶೇ 60’ ಎಂದು ಬೋರ್ಡು ಹಾಕುವುದಕ್ಕೆ ಅಡ್ಡಿಯಿಲ್ಲ. ಪಕ್ಕದ ಪೆಟ್ಟಿಗೆಗೆ 1,199 ಅಚ್ಚಾಗಿ ಶೇ 15 ಮಾತ್ರ ಬಿಟ್ಟಿದ್ದಾರೆ ಎಂದುಕೊಳ್ಳಿ, ಅದು 1,019ಕ್ಕೆ ಬರುತ್ತದೆ. ಮೊದಲನೆಯದರಲ್ಲಿ 120 ತುಂಡು, ಎರಡನೆಯದರಲ್ಲಿ 150 ಇದ್ದರೆ? ಅಲ್ಲಿ ತುಂಡಿಗೆ ಎಂಟು ರೂಪಾಯಿ ಮೂವತ್ತು ಪೈಸೆ, ಇಲ್ಲಿ ಆರು ಎಂಬತ್ತು. ಬೋರ್ಡು ದೊಡ್ಡದಿದ್ದ ಕಡೆ ಇಟ್ಟಿಗೆ ದುಬಾರಿ. ಮೂಗಿಗೆ ತುಪ್ಪ ಸವರುವುದು ಎಂದು ನಮ್ಮವರು ಅಂದದ್ದು ಇದಕ್ಕೇ. ಕೊಡುಗೆಗಳ ಮಾತೂ ಹೀಗೆಯೇ. ‘ಶೇ 50, ಮೇಲೆ ಮತ್ತೆ ಶೇ 20’ ಎಂದರೆ ಎಪ್ಪತ್ತಲ್ಲ, ಅರವತ್ತು. ‘ಎರಡನೆಯದಕ್ಕೆ ಅರ್ಧ ಬೆಲೆ’ ಎಂದರೆ ಕಾಲು ಭಾಗ ರಿಯಾಯಿತಿ, ಅದೂ ಒಂದೇ ಸಾಕಾಗಿದ್ದವರು ಎರಡು ಕೊಂಡಾಗ. ಮುಂದಿನ ಖರೀದಿಗೆಂದು ಮಾಲ್‌ನಲ್ಲಿ ಕೊಡುವ ಕೂಪನ್ನು, ವರ್ಷಕ್ಕೊಮ್ಮೆ ದಸರೆಗೆ ಮೈಸೂರಿಗೆ ಹೋಗಿಬರುವ ಹನೂರಿನ ಮನೆಯವರಿಗೆ ಕಾಗದದ ಚೂರು.

ಇಳಿಕೆಯೆಲ್ಲ ಅಂಗಡಿಯವನ ಔದಾರ್ಯವೂ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಸಾಮಾನ್ಯ ಆಟಿಕೆಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ಎಲೆಕ್ಟ್ರಾನಿಕ್ ಆಟಿಕೆಗಳಿಗೆ ಈ ಭಾಗ್ಯ ಬರಲಿಲ್ಲ. ಹಳೆಯ ತೆರಿಗೆ ಸೇರಿ 1,120 ರೂಪಾಯಿ ಇದ್ದ ಬ್ಲಾಕ್ಸ್ ಸೆಟ್, ಯಾರೂ ಏನೂ ಬಿಡದಿದ್ದರೂ, 1,050ಕ್ಕೆ ಇಳಿಯಬೇಕು. ಹಳೆಯ ದಾಸ್ತಾನಿನ ಎಂಆರ್‌ಪಿಯಿಂದ ಆ ಎಪ್ಪತ್ತು ರೂಪಾಯಿ ಕಳೆದು ‘ನಮ್ಮ ಕೊಡುಗೆ’ ಎಂದರೆ ಅದು ಸರ್ಕಾರ ಬಿಟ್ಟ ಹಣವನ್ನು ತನ್ನ ಹೆಸರಿನಲ್ಲಿ ಹಂಚಿದಂತೆ. ಇನ್ನು ಲೆಗೊದಂಥ ಹೊರದೇಶದ ಸೆಟ್ಟುಗಳು ಇಲ್ಲಿ ಏಕೆ ಅಷ್ಟು ತುಟ್ಟಿ ಎಂಬುದಕ್ಕೆ ಒಂದು ಕಾರಣ ಸುಂಕ. ಆಟಿಕೆ ಆಮದಿನ ಮೂಲ ಸುಂಕವನ್ನು 2020ರ ಕೇಂದ್ರ ಬಜೆಟ್ ಶೇ 20ರಿಂದ 60ಕ್ಕೆ ಏರಿಸಿತು, 2023ರ ಬಜೆಟ್ 70ಕ್ಕೆ ಒಯ್ದಿತು. ಅಮೆರಿಕದಲ್ಲಿರುವ ನೆಂಟರು ಅಲ್ಲಿನ ಬೆಲೆ ಹೇಳಿದಾಗ ಕೊಳ್ಳೇಗಾಲದ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.

ಹಾಗಾದರೆ ತುಂಡಿಗೆ ಎಷ್ಟು ಎಂದು ಭಾಗಿಸಿದರೆ ಮುಗಿಯಿತೇ? ಶೇಕಡಾ ಲೆಕ್ಕಕ್ಕಿಂತ ಅದು ನೂರು ಪಾಲು ವಾಸಿ, ಆದರೆ ಅದೂ ಮೋಸ ಮಾಡುತ್ತದೆ. ಪೆಟ್ಟಿಗೆಯ ಮೇಲೆ ನಿವ್ವಳ ಪ್ರಮಾಣ ಎಂಬಲ್ಲಿ ಸಾಮಾನ್ಯವಾಗಿ ‘1 ಸೆಟ್’ ಎಂದಷ್ಟೇ ಇರುತ್ತದೆ, ತುಂಡಿನ ಸಂಖ್ಯೆ ಚಿತ್ರದ ಮೂಲೆಯಲ್ಲಿ ದಪ್ಪಕ್ಷರದ ಜಾಹೀರಾತು. ಆ ಸಂಖ್ಯೆಯಲ್ಲಿ ಏನೇನು ಸೇರಿದೆ? ಹೆಸರುಕಾಳಿಗಿಂತ ತುಸು ದೊಡ್ಡದಾದ ದುಂಡನೆಯ ಬಿಲ್ಲೆಯೂ ಒಂದು ತುಂಡು, ತಲೆಯ ಮೇಲೆ ಎಂಟು ಗುಬುಟು ಇರುವ ಇಟ್ಟಿಗೆಯೂ ಒಂದು ತುಂಡು. ಲೋಹದ ಪಟ್ಟಿಗಳ ಸೆಟ್ಟಿನಲ್ಲಿ ನಟ್ಟು ಬೋಲ್ಟುಗಳೂ ಎಣಿಕೆಗೆ ಬರುತ್ತವೆ. ಆದ್ದರಿಂದ ಸಂಖ್ಯೆಯ ಜೊತೆ ತೂಕವನ್ನೂ ನೋಡುವುದು ಒಳ್ಳೆಯದು. ಸಾಲಿಗೆ ನಾಲ್ಕರಂತೆ ಎರಡು ಸಾಲು ಗುಬುಟಿರುವ ಸಾಮಾನ್ಯ ಅಳತೆಯ ಇಟ್ಟಿಗೆ ಎರಡೂವರೆ ಗ್ರಾಮಿನ ಆಸುಪಾಸು ತೂಗುತ್ತದೆ, ಅಂದರೆ 300 ಗ್ರಾಮಿಗೆ ನೂರಿಪ್ಪತ್ತು ಇಟ್ಟಿಗೆ. ‘300 ತುಂಡು’ ಎಂದು ಬರೆದ ಪೆಟ್ಟಿಗೆ ಕೈಗೆ ಹಗುರವೆನಿಸಿದರೆ ಒಳಗಿರುವುದು ಬಿಲ್ಲೆಗಳೇ. ಆಟದ ದೃಷ್ಟಿಯಿಂದ ಇದೇನೂ ಸಣ್ಣ ವಿಷಯವಲ್ಲ. ಒಂದೇ ಬಣ್ಣದ, ಎಂಟು ಗುಬುಟಿನ ಬರೀ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿದರು. ಉತ್ತರ 91,51,03,765. ಆರು ಇಟ್ಟಿಗೆಗೆ ತೊಂಬತ್ತೊಂದು ಕೋಟಿ! ಹಡಗೋ ಡ್ರ್ಯಾಗನ್ನೋ ಆಗಿ ಒಮ್ಮೆ ಜೋಡಿಸಿ ಶೋಕೇಸಿನಲ್ಲಿ ಇಡುವ ಐನೂರು ತುಂಡಿನ ಸೆಟ್ಟಿಗಿಂತ ಮೊಂಡು ಮೊಂಡಾದ ಐವತ್ತು ಇಟ್ಟಿಗೆ ಮಗುವಿಗೆ ಹೆಚ್ಚು ದಿನ ಒದಗುತ್ತದೆ. ಮಾದರಿ ಸೆಟ್ಟಿನಲ್ಲಿ ಒಂದು ಅಚ್ಚು ಕಳೆದರೆ ಬಂಡಿ ನಿಲ್ಲುತ್ತದೆ, ಬರೀ ಇಟ್ಟಿಗೆಯಲ್ಲಿ ಎರಡು ಮಂಚದಡಿ ಸೇರಿದರೂ ಮನೆ ಏಳುತ್ತದೆ.

ಇನ್ನೊಂದು ಗುಣ ಸಂಖ್ಯೆಯಲ್ಲೂ ತೂಕದಲ್ಲೂ ಕಾಣದು: ಬಿಗಿ. ಗುಬುಟು, ಒಳಗೊಂದು ಕೊಳವೆ, ಇವು ಒಂದನ್ನೊಂದು ಕಚ್ಚುವ ಈಗಿನ ವಿನ್ಯಾಸಕ್ಕೆ ಲೆಗೊ ಕಂಪನಿ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಹಾಕಿತು. ಆ ಪೇಟೆಂಟಿನ ಕಾಲ ಎಂದೋ ತೀರಿರುವುದರಿಂದ ಅದಕ್ಕೆ ಹೊಂದುವ ಇಟ್ಟಿಗೆಯನ್ನು ಯಾರು ಬೇಕಾದರೂ ಮಾಡಬಹುದು, ಮಾಡುತ್ತಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ತಪ್ಪು ಎಲ್ಲಿ ಬರುತ್ತದೆಂದರೆ ಅಚ್ಚು ಸವೆದು ಅಳತೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದಾಗ. ಒಂದು ಸಡಿಲವಾಗಿ ಉದುರುತ್ತದೆ, ಇನ್ನೊಂದನ್ನು ಬಿಡಿಸಲು ಹಲ್ಲು ಹಾಕಬೇಕು. ಪರೀಕ್ಷೆ ಸುಲಭ: ಎಂಟು ಇಟ್ಟಿಗೆಯನ್ನು ಒಂದರ ಮೇಲೊಂದು ಕೂರಿಸಿ, ಬುಡದ್ದನ್ನು ಮಾತ್ರ ಹಿಡಿದು ಅಲ್ಲಾಡಿಸಿ, ಆಮೇಲೆ ಮಗುವಿನ ಕೈಗೆ ಕೊಟ್ಟು ಬಿಡಿಸಲು ಹೇಳಿ. ಈ ಪರೀಕ್ಷೆ ಫೋನಿನಲ್ಲಿ ಆಗುವುದಿಲ್ಲ, ಮಾಲ್‌ನ ಸೀಲು ಹಾಕಿದ ಪೆಟ್ಟಿಗೆಯಲ್ಲೂ ಆಗುವುದಿಲ್ಲ. ಪರಸೆಯಲ್ಲಿ ಆಗುತ್ತದೆ, ಪರಿಚಯದ ಅಂಗಡಿಯಲ್ಲಿ ಆಗುತ್ತದೆ.

ಹಾಗೆಂದು ಪರಸೆಯ ಬಲೆಚೀಲವೇ ಲೇಸು ಎನ್ನಲಾರೆ. ‘ಮಕ್ಕಳು ನಾಲ್ಕು ದಿನ ಆಡಿ ಬಿಸಾಡುತ್ತವೆ, ನೂರು ರೂಪಾಯಿಯದು ಸಾಲದೇ?’ ಎಂಬ ಮಾತಿನಲ್ಲಿ ಹುರುಳಿದೆ, ಆದರೆ ಅದು ಅರ್ಧ ಮಾತು. ನಾಲ್ಕು ದಿನಕ್ಕೆ ಬಿಸಾಡುವುದು ಅದು ಕಚ್ಚದೆ ಉದುರುವುದರಿಂದಲೇ. ಅದಕ್ಕಿಂತ ಮುಖ್ಯವಾಗಿ, 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಚೂಪು ಅಂಚು, ಗಂಟಲಿಗೆ ಸಿಕ್ಕುವ ಸಣ್ಣ ಭಾಗ, ಬಣ್ಣದಲ್ಲಿನ ಸೀಸದಂಥ ವಿಷ, ಇವನ್ನು ಪರೀಕ್ಷಿಸಿ ಕೊಡುವ ಗುರುತು ಅದು. ಬಲೆಚೀಲದ ಮೇಲೆ ಹೆಸರಿಲ್ಲ, ಬೆಲೆಯಿಲ್ಲ, ಗುರುತಿಲ್ಲ ಎಂದಾದರೆ ಮೂರು ವರ್ಷದೊಳಗಿನ ಮಗು ಇರುವ ಮನೆಗೆ ಅದು ಬಿಟ್ಟಿ ಸಿಕ್ಕರೂ ಬೇಡ. ದೊಡ್ಡ ಅಂಗಡಿಯಾದರೆ ನಿಶ್ಚಿಂತೆ ಎಂದೂ ಅಲ್ಲ. 2023ರ ಜನವರಿಯ ಹೊತ್ತಿಗೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಗುರುತಿಲ್ಲದ ಹದಿನೆಂಟು ಸಾವಿರಕ್ಕೂ ಹೆಚ್ಚು ಆಟಿಕೆಗಳನ್ನು ಜಪ್ತಿ ಮಾಡಿದ್ದು ಮಾಲ್ ಮತ್ತು ವಿಮಾನ ನಿಲ್ದಾಣಗಳ ಹೊಳೆಯುವ ಮಳಿಗೆಗಳಲ್ಲೇ. ಗುರುತಿನ ಕೆಳಗಿರುವ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿಗೆ ಹಾಕಿದರೆ ಅದು ಯಾರದ್ದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಈ ಕಟ್ಟಳೆಗೆ ಒಂದು ನ್ಯಾಯವಾದ ವಿನಾಯಿತಿ ಇದೆ: ನೋಂದಾಯಿತ ಕರಕುಶಲಿಗಳು ಮಾಡಿದ್ದಕ್ಕೂ ಭೌಗೋಳಿಕ ಸೂಚಿಯ ಸರಕಿಗೂ ಅದು ಅನ್ವಯಿಸದು. ಚನ್ನಪಟ್ಟಣದ ಅರಗು ಬಳಿದ ಮರದ ಬ್ಲಾಕುಗಳು ಈ ಸಾಲಿಗೆ ಸೇರುತ್ತವೆ. ಅವು ಒಂದಕ್ಕೊಂದು ಕಚ್ಚುವುದಿಲ್ಲ, ಬರೀ ಪೇರಿಸಬೇಕು. ಆದರೆ ಎರಡು ಮೂರು ವರ್ಷದ ಮಗುವಿಗೆ ಪೇರಿಸಿ ಕೆಡಹುವುದೇ ಆಟ.

ಇನ್ನು ದಾರಿಯ ಖರ್ಚು. ಶಕ್ತಿ ಯೋಜನೆ ಬಂದ 2023ರ ಜೂನ್ 11ರಿಂದ ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಹೀಗಾಗಿ ಕೊಳ್ಳೇಗಾಲದಿಂದ ಮೈಸೂರಿಗೆ ಹೋಗಿಬರುವುದು ಪುಕ್ಕಟೆ ಎಂದು ಕಾಣಬಹುದು. ಒಂದು ದಿನದ ಕೂಲಿ ಪುಕ್ಕಟೆಯಲ್ಲವಲ್ಲ. ಬೆಟ್ಟದ ಕೆಳಗಿನ ಊರುಗಳಿಗೆ ಫೋನಿನ ಸರಕು ಬರುವುದೇ ಅನುಮಾನ, ಬಂದರೂ ಪಿನ್‌ಕೋಡ್ ಹಾಕಿದ ಮೇಲೆ ಸಾಗಣೆ ಶುಲ್ಕ ಸೇರಿಕೊಳ್ಳಬಹುದು. ಆದ್ದರಿಂದ ಬೆಲೆ ನೋಡುವ ಮೊದಲು ಪಿನ್‌ಕೋಡ್ ಹಾಕಬೇಕು, ಹೋಲಿಕೆ ಮಾಡಬೇಕಾದ್ದು ಹಣ ಕಟ್ಟುವ ಕೊನೆಯ ಪುಟದ ಮೊತ್ತದೊಂದಿಗೆ. ‘ಇನ್ನೆರಡೇ ಉಳಿದಿವೆ’ ಎಂದು ಸುಳ್ಳೇ ಅವಸರಪಡಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ತೂರಿಸುವುದು, ಕೊನೆಯಲ್ಲಿ ಶುಲ್ಕ ಬಯಲು ಮಾಡುವುದು, ಇಂಥ ಹದಿಮೂರು ಕಣ್ಕಟ್ಟುಗಳನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿ ಹೆಸರಿಸಿ ನಿಷೇಧಿಸಿದೆ. ಮೋಸವಾದರೆ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು, ಕೈಯಲ್ಲಿ ಬಿಲ್ಲಿರಬೇಕು.

‘ಆದರೂ ಹಬ್ಬದ ಸೇಲಿನಲ್ಲಿ ಬೆಲೆ ನಿಜವಾಗಿಯೂ ಇಳಿಯುತ್ತದಲ್ಲ’ ಎನ್ನುವವರಿದ್ದಾರೆ. ಹೌದು, ಇಳಿಯುತ್ತದೆ. ಆದರೆ ಇಳಿದದ್ದು ಗೊತ್ತಾಗುವುದು ಸೆಟ್ ಸಂಖ್ಯೆ ಇರುವ, ಎಲ್ಲ ಅಂಗಡಿಯಲ್ಲೂ ಅದೇ ಪೆಟ್ಟಿಗೆಯಾಗಿ ಸಿಗುವ ಹೆಸರುವಾಸಿ ಸರಕಿನಲ್ಲಿ. ಅಲ್ಲಿ ಇಲ್ಲಿ ಹೋಲಿಸಲು ಬರುತ್ತದೆ, ಆತುರವಿಲ್ಲದಿದ್ದರೆ ಕಾಯುವುದು ಲಾಭ. ಒಂದೇ ಮಾರಾಟಗಾರನ ಬಳಿ ಮಾತ್ರ ಸಿಗುವ, ನಿನ್ನೆ ಮೊನ್ನೆ ಹುಟ್ಟಿದ ಹೆಸರಿನ ಸೆಟ್ಟಿನ ‘ಇಳಿಕೆ’ಗೆ ಸಾಕ್ಷಿ ಅವನೊಬ್ಬನೇ. ನೂರು ಇನ್ನೂರು ರೂಪಾಯಿಯ ಆಟಿಕೆಗೆ ಇಷ್ಟೆಲ್ಲ ಲೆಕ್ಕ ಬೇಕೇ ಎಂದೂ ಕೇಳಬಹುದು. ಬೇಡ. ಇನ್ನೂರು ರೂಪಾಯಿಗೆ ಗುರುತು ನೋಡಿ, ಅಲ್ಲಾಡಿಸಿ ನೋಡಿ, ಊರಲ್ಲೇ ಕೊಂಡುಬಿಡಿ. ಸಾವಿರ ದಾಟಿದರೆ ಅದು ಈ ಸೀಮೆಯ ಎಷ್ಟೋ ಮನೆಗಳಲ್ಲಿ ಎರಡು ಮೂರು ದಿನದ ದುಡಿಮೆ, ಅಷ್ಟಕ್ಕೆ ಒಂದು ಭಾಗಾಕಾರ ಹೆಚ್ಚಲ್ಲ.

ದೀಪಾವಳಿಗೆ ಬೆಟ್ಟದಲ್ಲಿ ಮಾದಪ್ಪನ ಜಾತ್ರೆ, ಅದೇ ಆಸುಪಾಸಿನಲ್ಲಿ ಫೋನಿನಲ್ಲೂ ಹಬ್ಬದ ಸೇಲು. ಮಗು ಕೇಳಿದ ಸೆಟ್ಟಿನ ಹೆಸರು, ಸಂಖ್ಯೆ, ತುಂಡು, ತೂಕ, ಇವತ್ತಿನ ಬೆಲೆ, ಇಷ್ಟನ್ನು ಈಗಲೇ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.