ದೊಡ್ಡ ರಜೆಯ ಆಟಗಳು

ಪ್ರತಿ ವರ್ಷ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಮುಚ್ಚುವ ನಮ್ಮ ಶಾಲೆಗಳ ಬಾಗಿಲು ಮತ್ತೆ ತೆರೆಯುವುದು ಮೇ ತಿಂಗಳ ಕಡೆಯ ದಿನಗಳಲ್ಲಿ. ಪಾಠಪುಸ್ತಕಗಳು ಅಟ್ಟವನ್ನೇರಿ, ಪರೀಕ್ಷೆಯ ಭೀತಿ ತೊಲಗಿ, ಉಪ್ಪುಖಾರ ಹಚ್ಚಿದ ಮಾವಿನಕಾಯಿಯ ಹೋಳು ಕೈಗೆ ಬರುವ ಈ ದೀರ್ಘ ವಿರಾಮದಲ್ಲಿ ಮಕ್ಕಳಿಂದ ಏನು ಮಾಡಿಸಬೇಕೆಂಬ ಚಿಂತೆ ಹಿಂದಿನ ಕಾಲದ ತಂದೆತಾಯಿಗಳನ್ನು ಬಾಧಿಸಿದಂತೆ ಕಾಣುವುದಿಲ್ಲ. ಇಂದಿನವರನ್ನಾದರೋ ಅದು ಮಾರ್ಚ್ ತಿಂಗಳಿನಿಂದಲೇ ಬೆನ್ನಟ್ಟುತ್ತದೆ. ಅದಕ್ಕೆ ಉತ್ತರರೂಪವಾಗಿ ಊರೂರಿನಲ್ಲಿ ಬೇಸಿಗೆ ಶಿಬಿರಗಳು ತಲೆಯೆತ್ತಿ, ಬೆಳಗ್ಗೆ ಒಂದು ತಾಸು ಚಿತ್ರಕಲೆ, ಆಮೇಲೆ ಒಂದು ತಾಸು ನೃತ್ಯ, ಅದರ ಬೆನ್ನಿಗೆ ಗಣಿತದ ಚಮತ್ಕಾರ ಎಂದು ಶಾಲೆಯ ವೇಳಾಪಟ್ಟಿಯನ್ನೇ ಬೇರೊಂದು ಹೆಸರಿನಿಂದ ಮಗುವಿಗೆ ಕೊಡುತ್ತವೆ. ಶಿಬಿರಗಳ ವಿಷಯದಲ್ಲಿ ನನಗೆ ದ್ವೇಷವೇನೂ ಇಲ್ಲ. ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳನ್ನೇ ವಿದ್ಯೆಯ ಮಾರ್ಗವಾಗಿ ಎಣಿಸಿ ಪ್ರಯೋಗ ನಡೆಸಿದ ಶಿವರಾಮ ಕಾರಂತರ ನಾಡಿದು. ಮೈಸೂರಿನ ರಂಗಾಯಣವು ಬೇಸಿಗೆಯಲ್ಲಿ ನಡೆಸಿಕೊಂಡು ಬಂದಿರುವ ಚಿಣ್ಣರ ಮೇಳದಂಥ ಕೂಟಗಳು ಎಷ್ಟೋ ಮಕ್ಕಳ ಸಂಕೋಚವನ್ನು ಕಳೆದಿವೆ. ಆದರೆ ದೊಡ್ಡವರು ಆಡಿಸುವ ಆಟ ಬೇರೆ, ಮಕ್ಕಳು ತಾವೇ ಕೂಡಿ ತಾವೇ ನಿಯಮ ಕಟ್ಟಿಕೊಂಡು ಆಡುವ ಆಟ ಬೇರೆ. ಎರಡನೆಯದಕ್ಕೆ ಬೇಕಾದುದು ಶುಲ್ಕವೂ ಅಲ್ಲ, ಶಿಕ್ಷಕನೂ ಅಲ್ಲ. ಒಂದಿಷ್ಟು ಬಯಲು, ನಾಲ್ಕಾರು ಜೊತೆಗಾರರು, ಮತ್ತು ಹಿರಿಯರು ತುಸು ದೂರದಲ್ಲಿ ನಿಲ್ಲುವ ಔದಾರ್ಯ.

ಚಿನ್ನಿದಾಂಡನ್ನೇ ತೆಗೆದುಕೊಳ್ಳೋಣ. ಮೈಸೂರಿನ ಕಡೆ ಈ ಹೆಸರಿನಿಂದಲೂ, ಧಾರವಾಡದ ಕಡೆ ಚಿಣಿಫಣಿಯೆಂಬ ಹೆಸರಿನಿಂದಲೂ ಪ್ರಸಿದ್ಧವಾಗಿರುವ ಈ ಆಟದ ಸಾಮಗ್ರಿ ಎರಡೇ ತುಂಡು ಕಟ್ಟಿಗೆ: ಮೊಳದುದ್ದದ ಅಥವಾ ಅದಕ್ಕಿಂತ ತುಸು ಉದ್ದವಾದ ದಾಂಡು, ನಾಲ್ಕು ಬೆರಳಿನಷ್ಟು ಉದ್ದದ, ಎರಡು ತುದಿಯನ್ನೂ ಚೂಪಾಗಿ ಕೆತ್ತಿದ ಚಿನ್ನಿ. ಹುಣಸೆಯದೋ ಸೀಬೆಯದೋ ಗಟ್ಟಿ ಕೊಂಬೆಯಾದರೆ ರಜೆ ಮುಗಿಯುವ ತನಕ ಬಾಳುತ್ತದೆ. ನೆಲದಲ್ಲಿ ಉದ್ದನೆಯ ಗುಳಿಯೊಂದನ್ನು ತೋಡಿ, ಅದರ ಮೇಲೆ ಚಿನ್ನಿಯನ್ನು ಅಡ್ಡಲಾಗಿ ಇಟ್ಟು, ದಾಂಡಿನ ತುದಿಯನ್ನು ಕೆಳಗೆ ತೂರಿಸಿ ಬಲವಾಗಿ ಚಿಮ್ಮಬೇಕು. ಎದುರಾಳಿಗಳು ಅದನ್ನು ಗಾಳಿಯಲ್ಲೇ ಹಿಡಿದರೆ ಆಟಗಾರ ಔಟು. ಹಿಡಿಯಲಾರದೆ ಹೋದರೆ ಬಿದ್ದ ಸ್ಥಳದಿಂದ ಚಿನ್ನಿಯನ್ನೆಸೆದು, ಗುಳಿಯ ಮೇಲೆ ಅಡ್ಡಲಾಗಿಟ್ಟ ದಾಂಡಿಗೆ ತಾಗಿಸಬೇಕು. ಅದೂ ತಪ್ಪಿತೆಂದರೆ ಆಟಗಾರನ ಭಾಗ್ಯ ತೆರೆಯಿತು. ನೆಲದ ಮೇಲೆ ಮಲಗಿದ ಚಿನ್ನಿಯ ಚೂಪಾದ ಮೂತಿಗೆ ದಾಂಡಿನಿಂದ ಕುಟ್ಟಿ, ಅದು ತಿರುಗುತ್ತ ಎದೆಯ ಮಟ್ಟಕ್ಕೆ ನೆಗೆದ ಕ್ಷಣದಲ್ಲಿ ಕಣ್ಣು ತಪ್ಪದಂತೆ ಬೀಸಿ ಹೊಡೆಯುವ ಆ ವಿದ್ಯೆಯಲ್ಲಿ, ಕ್ರಿಕೆಟ್ಟಿನ ದಾಂಡಿಗನಿಗೆ ಇಲ್ಲದ ಒಂದು ಕಷ್ಟವಿದೆ. ಅಲ್ಲಿ ಚೆಂಡನ್ನು ಬೇರೊಬ್ಬ ಎಸೆಯುತ್ತಾನೆ, ಇಲ್ಲಿ ತಾನೇ ಎಬ್ಬಿಸಿ ತಾನೇ ಹೊಡೆಯಬೇಕು, ಅದೂ ಹೆಬ್ಬೆರಳು ಗಾತ್ರದ ವಸ್ತುವನ್ನು. ಚಿನ್ನಿ ಬಿದ್ದ ದೂರವನ್ನು ದಾಂಡಿನಿಂದಲೇ ಅಳೆದು ಲೆಕ್ಕ ಹಾಕುವಾಗ, ತರಗತಿಯಲ್ಲಿ ಮಗ್ಗಿಗೆ ಹೆದರುವ ಹುಡುಗನೂ ಒಂದು ದಾಂಡಿನ ಲೆಕ್ಕವನ್ನು ಬಿಟ್ಟುಕೊಡುವುದಿಲ್ಲ. ಚಿನ್ನಿ ಮುಖಕ್ಕೆ ಬಡಿದರೆ ಕಣ್ಣಿಗೇ ಅಪಾಯವಾದ್ದರಿಂದ ಆಡುವವನ ಎದುರಿಗೆ ಸಮೀಪದಲ್ಲಿ ಯಾರೂ ನಿಲ್ಲತಕ್ಕದ್ದಲ್ಲವೆಂಬ ನಿಯಮವೊಂದನ್ನು ಮಾತ್ರ ಹಿರಿಯರು ಮೊದಲೇ ಹೇಳಿ, ಕಟ್ಟುನಿಟ್ಟಾಗಿ ನಡೆಸಬೇಕು.

ಖೋಖೋ ಆಟಕ್ಕೆ ಪುಣೆಯ ಡೆಕ್ಕನ್ ಜಿಮ್‌ಖಾನಾ 1914ರಲ್ಲಿಯೇ ಲಿಖಿತ ನಿಯಮಗಳನ್ನು ರೂಪಿಸಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಅದರ ಮೊದಲ ವಿಶ್ವಕಪ್ಪೂ ನಡೆಯಿತು. ಕಬಡ್ಡಿ 1990ರಿಂದ ಏಷ್ಯಾಡಿನಲ್ಲಿ ಪದಕದ ಕ್ರೀಡೆಯಾಗಿದೆ. ಇವು ಸಂತೋಷದ ಸಂಗತಿಗಳೇ. ಆದರೆ ಲಗೋರಿ, ಚಿನ್ನಿದಾಂಡು, ಮರಕೋತಿಗಳ ಭಾಗ್ಯ ಇನ್ನೊಂದು ಬಗೆಯದು. ಬೀದಿಯಿಂದ ಬೀದಿಗೆ ಬದಲಾಗುವ ಇವುಗಳ ಕಾನೂನನ್ನು ಪ್ರತಿದಿನ ಆಡುವವರೇ ಮಾಡಿಕೊಳ್ಳಬೇಕು, ವ್ಯಾಜ್ಯ ಬಂದರೆ ತಾವೇ ತೀರ್ಮಾನಿಸಿಕೊಳ್ಳಬೇಕು. ಏಳು ಚಪ್ಪಟೆ ಕಲ್ಲುಗಳನ್ನು ದೊಡ್ಡದರ ಮೇಲೆ ಚಿಕ್ಕದಾಗಿ ಪೇರಿಸಿ, ಒಂದು ಪಕ್ಷದವನು ಚೆಂಡಿನಿಂದ ಅದನ್ನು ಕೆಡವಿದ ಮೇಲೆ, ಎದುರು ಪಕ್ಷದವರ ಚೆಂಡಿನೇಟಿಗೆ ಸಿಕ್ಕದಂತೆ ಓಡುತ್ತ, ಬಾಗುತ್ತ, ಒಬ್ಬನು ಚೆಂಡನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಿರುವಾಗ ಇನ್ನೊಬ್ಬನು ನುಸುಳಿ ಎರಡು ಕಲ್ಲು ಇಟ್ಟು ಬರುತ್ತ, ಕಡೆಗೆ ಏಳನೆಯ ಕಲ್ಲನ್ನಿಟ್ಟು 'ಲಗೋರಿ' ಎಂದು ಕೂಗುವ ಆಟದಲ್ಲಿ ಚೆಂಡು ಅಂಗಿಗೆ ತಾಗಿತೋ ಗಾಳಿಗೆ ಸರಿಯಿತೋ ಎಂಬ ಜಗಳವಿಲ್ಲದೆ ಒಂದು ಸಂಜೆಯೂ ಕಳೆಯುವುದಿಲ್ಲ. ಜಗಳವಾಡಿದವರು ಮರುದಿನವೂ ಕೂಡಲೇಬೇಕು, ಏಕೆಂದರೆ ಒಬ್ಬನೇ ಲಗೋರಿ ಆಡುವಂತಿಲ್ಲ. ರಾಜಿಯ ಈ ವಿದ್ಯೆಯನ್ನು ಯಾವ ಶಿಬಿರವೂ ಕಲಿಸಲಾರದೆಂದೇ ನನ್ನ ಎಣಿಕೆ, ಏಕೆಂದರೆ ಶಿಬಿರದಲ್ಲಿ ಸೀಟಿ ಊದಲು ದೊಡ್ಡವರೊಬ್ಬರು ನಿಂತಿರುತ್ತಾರೆ.

ಪಕ್ಷ ಹಂಚಿಕೊಳ್ಳುವ ಕ್ರಮವನ್ನಾದರೂ ನೋಡಿ. ಬಲದಲ್ಲಿ ಸಮನಾದ ಇಬ್ಬಿಬ್ಬರು ಜೋಡಿಯಾಗಿ ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, 'ಸೂರ್ಯ ಬೇಕೋ ಚಂದ್ರ ಬೇಕೋ' ಎಂದು ನಾಯಕನನ್ನು ಕೇಳುತ್ತಾರೆ. ಯಾರು ಸೂರ್ಯನೆಂಬುದನ್ನರಿಯದ ನಾಯಕ ಪಕ್ಷಪಾತ ಮಾಡುವುದಾದರೂ ಹೇಗೆ? ಮೊದಲ ಆಟ ಯಾರದೆಂದು ನಿರ್ಣಯಿಸಲು ನಾಣ್ಯವಿಲ್ಲದಿದ್ದರೆ ಹೆಂಚಿನ ಚೂರಿನ ಒಂದು ಮುಖಕ್ಕೆ ಉಗುಳು ಸವರಿ ಮೇಲೆ ಹಾರಿಸುತ್ತಾರೆ. ಇನ್ನು ಅಣ್ಣನ ಬೆನ್ನು ಹತ್ತಿ ಬಂದ, ಬಿಟ್ಟರೆ ಅಳುವ, ಸೇರಿಸಿಕೊಂಡರೆ ಆಟ ಕೆಡಿಸುವ ನಾಲ್ಕು ವರ್ಷದ ತಮ್ಮನಿಗೂ ಒಂದು ಸ್ಥಾನವುಂಟು: ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಓಡಬಹುದು, ಕೂಗಬಹುದು, ಔಟಾದರೂ ಔಟಲ್ಲ. ಹಿರಿಯರ ಸಭೆಗಳಲ್ಲಿ ಕೂಡ ಅಪರೂಪವಾದ ಈ ದಾಕ್ಷಿಣ್ಯವನ್ನು ಹತ್ತು ವರ್ಷದ ಹುಡುಗರು ಯಾರೂ ಹೇಳಿಕೊಡದೆ ನಡೆಸಿಕೊಂಡು ಹೋಗುತ್ತಾರೆ.

ಮರಕೋತಿಗೆ ಮರ ಬೇಕು. ಅದೂ ಕೆಳಗಿನಿಂದಲೇ ಕವಲೊಡೆದು ಹರಡಿದ ಆಲದಂಥ ಅಥವಾ ಮಾವಿನಂಥ ಮರ. ಬುಡದಲ್ಲಿ ವೃತ್ತವೊಂದನ್ನು ಗೀಚಿ, ಒಬ್ಬನು ತನ್ನ ಎತ್ತಿದ ಕಾಲಿನಡಿಯಿಂದ ಕೋಲೊಂದನ್ನು ಬಲು ದೂರಕ್ಕೆ ಎಸೆದರೆ, ಕಳ್ಳನಾದವನು ಅದನ್ನು ತಂದು ವೃತ್ತದಲ್ಲಿಡುವಷ್ಟರಲ್ಲಿ ಉಳಿದವರೆಲ್ಲ ಕೊಂಬೆಗಳನ್ನೇರಿರುತ್ತಾರೆ. ಕಳ್ಳನು ಯಾರನ್ನಾದರೂ ಮುಟ್ಟಬೇಕು. ಆದರೆ ಅವನು ಮೇಲೆ ಹತ್ತಿದೊಡನೆ ಬೇರೊಬ್ಬನು ಕೊಂಬೆಯಿಂದ ಜೋತು ಇಳಿದು ಕೋಲನ್ನು ಮುಟ್ಟಿಬಿಟ್ಟರೆ ಆಟ ಮತ್ತೆ ಮೊದಲಿನಿಂದ. ಹತ್ತಲೋ, ಕೋಲನ್ನು ಕಾಯಲೋ ಎಂಬ ಧರ್ಮಸಂಕಟದಲ್ಲಿ ಸಿಕ್ಕಿಕೊಂಡ ಕಳ್ಳನ ಮುಖವನ್ನು ನೋಡುವುದೇ ಒಂದು ಸೊಗಸು. ಯಾವ ಮರದ ಕೊಂಬೆ ಭಾರ ತಡೆಯುತ್ತದೆ, ಯಾವುದು ತಡೆಯದು ಎಂಬುದನ್ನು ಹಳ್ಳಿಯ ಮಗು ಹೀಗೆಯೇ ಅರಿಯುತ್ತದೆ. ನುಗ್ಗೆಯ ಮರವನ್ನು ಹತ್ತಬಾರದೆಂಬುದು ಅದರ ಮೊದಲ ಪಾಠ. ಪೇಟೆಯ ಮಗು ಮೊದಲ ಸಲ ಏರುವಾಗ ನೆಲದಿಂದ ಆಳೆತ್ತರ ಮೀರದಂತೆ ನೋಡಿಕೊಂಡರೆ ಸಾಕು. 'ಬೀಳುತ್ತೀಯೆ, ಬೀಳುತ್ತೀಯೆ' ಎಂದು ಕೆಳಗಿನಿಂದ ಕೂಗುವುದರಿಂದ ಹಿಡಿದ ಕೈ ಸಡಿಲುವುದೇ ಹೊರತು ಬಿಗಿಯಾಗುವುದಿಲ್ಲ.

ಕುಂಟೆಬಿಲ್ಲೆಯನ್ನು ಹೆಣ್ಣುಮಕ್ಕಳ ಆಟವೆಂದು ತಳ್ಳುವ ಗಂಡುಹುಡುಗರು ಒಂಟಿಕಾಲಿನಲ್ಲಿ, ಗೆರೆ ತುಳಿಯದೆ, ಬಿಲ್ಲೆಯನ್ನು ಮನೆಯಿಂದ ಮನೆಗೆ ಒದೆಯುತ್ತ ಒಂದು ಸುತ್ತು ಬಂದು ತೋರಿಸಲಿ. ಬುಗುರಿಯ ವಿಷಯದಲ್ಲಿ ಚನ್ನಪಟ್ಟಣವನ್ನು ನೆನೆಯದಿರುವುದು ಕೃತಘ್ನತೆಯಾದೀತು; ಹಾಲೆಮರದ ನುಣುಪಾದ ಬಿಳಿ ಕಟ್ಟಿಗೆಯನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣವೇರಿಸಿ ಅಲ್ಲಿನ ಕುಶಲಕರ್ಮಿಗಳು ಮಾಡುವ ಬುಗುರಿ ಚೆಲುವಿನಲ್ಲಿ ಅಸದೃಶವಾದುದು. ಆದರೆ ಬೀದಿಯ ಕಾಳಗಕ್ಕೆ ಅದನ್ನು ಇಳಿಸಲು ಮನಸ್ಸು ಬಾರದು. ಸೋತವನ ಬುಗುರಿಗೆ ಗೆದ್ದವನು ಮೊಳೆಯಿಂದ ಗುನ್ನ ಹೊಡೆಯುವ ಪದ್ಧತಿಯಿರುವುದರಿಂದ ಅದಕ್ಕೆ ಒರಟು ಬುಗುರಿಯೇ ಸರಿ. ಗಾಳಿಪಟವನ್ನು ಮಾತ್ರ ಈ ರಜೆಯಲ್ಲಿ ಒತ್ತಾಯಿಸಬೇಡಿ. ಅದರ ಕಾಲ ಆಷಾಢದ ಗಾಳಿ ಬಂದ ಮೇಲೆ.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗಿನ ಬಿಸಿಲಿಗೆ ಮಕ್ಕಳನ್ನು ಬಿಡಬಾರದು. ಬಿಸಿಲು ನಾಡಾದ ಕಲಬುರಗಿ, ರಾಯಚೂರುಗಳಲ್ಲಂತೂ ಬೆಳಗ್ಗೆ ಒಂಬತ್ತಕ್ಕೇ ಆಟ ಮುಗಿಸುವುದು ಲೇಸು. ಬಾಯಾರಿಕೆಯಾಗುವ ತನಕ ಕಾಯದೆ ನಡುನಡುವೆ ನೀರು, ಉಪ್ಪು ಬೆರೆಸಿದ ನೀರುಮಜ್ಜಿಗೆ, ಬೆಲ್ಲದ ಪಾನಕಗಳನ್ನು ಕೊಡಬೇಕು. ಆ ಹೊತ್ತಿನಲ್ಲಿ ಜಗುಲಿಯ ಮೇಲೆ ಹುಣಸೆಬೀಜವನ್ನು ಒಂದು ಬದಿ ತೇಯ್ದು ಚೌಕಾಬಾರ ಆಡಬಹುದು. ಮಾಳಿಗೆಯ ಮೇಲೆ ಒಣಗಲಿಟ್ಟ ಸಂಡಿಗೆಗೆ ಕಾಗೆ ಕಾಯುವ ನೆಪದಲ್ಲಿ ಅರ್ಧ ಸಂಡಿಗೆಯನ್ನು ಹಸಿಯಾಗಿಯೇ ತಿಂದು ಮುಗಿಸುವ ಪುರಾತನ ಉದ್ಯೋಗವೂ ಇದೆ. ಮರದ ನೆರಳಿಗಂತೂ ಯಾವ ಹೊತ್ತಾದರೂ ಸರಿ. ಈ ದಿನಗಳಲ್ಲಿ ಕೆಂಪಗೆ ಹೂತು ನಿಲ್ಲುವ ಕತ್ತಿಕಾಯಿಮರದ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಎಳೆದು, ಯಾರದರ ತಲೆ ಹಾರಿತೆಂದು ನೋಡುವ ಕೋಳಿಜಗಳಕ್ಕೂ, ನೀರುಕಾಯಿಮರದ ಮೊಗ್ಗಿನ ತುದಿ ಮುರಿದು ಜೊತೆಗಾರರ ಮುಖಕ್ಕೆ ಚಿಮ್ಮಿಸುವ ತುಂಟತನಕ್ಕೂ ನೆರಳೇ ರಂಗಸ್ಥಳ.

ನೆರಳಾದರೂ ಹೊರಗಿನ ನೆರಳಾಗಿರಬೇಕೆಂಬುದಕ್ಕೆ ಕಾರಣವಿದೆ. ಚೀನದ ಗ್ವಾಂಗ್‌ಝೌ ನಗರದ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅರ್ಧದಷ್ಟು ಶಾಲೆಗಳ ಮಕ್ಕಳನ್ನು ಪ್ರತಿ ಶಾಲಾದಿನವೂ 40 ನಿಮಿಷ ಹೆಚ್ಚಾಗಿ ಹೊರಾಂಗಣದಲ್ಲಿ ಬಿಡಲಾಯಿತು. ಮೂರು ವರ್ಷಗಳ ತರುವಾಯ ಸಮೀಪದೃಷ್ಟಿಯ ದೋಷ ತಲೆದೋರಿದ್ದು ಆ ಮಕ್ಕಳಲ್ಲಿ ಶೇಕಡ 30.4ರಷ್ಟು, ಉಳಿದವರಲ್ಲಿ ಶೇಕಡ 39.5ರಷ್ಟು. ಹೊರಗಿನ ಬೆಳಕು, ಮರದ ನೆರಳಿನಲ್ಲಿಯೂ, ಕೋಣೆಯ ದೀಪಕ್ಕಿಂತ ಅನೇಕ ಪಾಲು ಪ್ರಖರವಾದುದು. ಆ ಬೆಳಕಿನಿಂದ ಅಕ್ಷಿಪಟದಲ್ಲಿ ಸ್ರವಿಸುವ ಡೋಪಮೈನ್ ಕಣ್ಣುಗುಡ್ಡೆ ಮಿತಿಮೀರಿ ಉದ್ದವಾಗದಂತೆ ತಡೆಯುತ್ತದೆಂದು ತಜ್ಞರ ಊಹೆ. ಮೊಬೈಲನ್ನು ಕಸಿದುಕೊಳ್ಳುವ ಯುದ್ಧದಲ್ಲಿ ಸೋತ ತಾಯಂದಿರು ಆ ಯುದ್ಧವನ್ನು ಬಿಟ್ಟು ಮಗುವನ್ನು ಅಂಗಳಕ್ಕೆ ಕಳುಹಿಸುವ ಉಪಾಯವನ್ನು ಹುಡುಕುವುದು ಉತ್ತಮ.

ನೀರಿನ ಮಾತಿಗೆ ಬಂದರೆ ಮಾತ್ರ ನನ್ನ ಔದಾರ್ಯ ನಿಂತುಹೋಗುತ್ತದೆ. ಹಿಂದೆ ಒಣಗಿದ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿ, ಹಗ್ಗದ ತುದಿಯನ್ನು ದಡದಲ್ಲಿ ಮಾವನೋ ಚಿಕ್ಕಪ್ಪನೋ ಹಿಡಿದು, ಮೆಟ್ಟಿಲುಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಕಲಿಯುವವನ ಭಯಕ್ಕಿಂತ ಕಲಿಸುವವನ ಎಚ್ಚರ ದೊಡ್ಡದಾಗಿತ್ತು. ಇಂದು ಬಯಲುಸೀಮೆಯ ಹೊಲಗಳಲ್ಲಿ, ಮುಖ್ಯವಾಗಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಬಳಿಕ, ಕೃಷಿಹೊಂಡಗಳು ತುಂಬಿಕೊಂಡಿವೆ. ರೈತನಿಗೆ ಅವು ಸಂಜೀವಿನಿ, ಮಕ್ಕಳಿಗೆ ಮೃತ್ಯುಕೂಪ. ಇಳಿಜಾರಾದ ಬದಿಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಸಿರುವುದರಿಂದ, ಒಮ್ಮೆ ಜಾರಿದವನು ಈಜು ಬಲ್ಲವನಾದರೂ ಹಿಡಿಯಲು ಬೇರಿಲ್ಲದೆ, ಊರಲು ಕಲ್ಲಿಲ್ಲದೆ ಮೇಲೆ ಬರಲಾರ. ಹೊಂಡದ ಸುತ್ತ ಬೇಲಿಯಿರಬೇಕು, ನೀರಿನ ತನಕ ಇಳಿಬಿಟ್ಟ ಗಂಟುಗಳುಳ್ಳ ಹಗ್ಗವೊಂದು ಸದಾ ಕಟ್ಟಿರಬೇಕು. ಮುಳುಗುವವನನ್ನು ಕಂಡರೆ ತಾನೂ ಧುಮುಕದೆ, ಕೂಗಿ ಜನ ಸೇರಿಸಿ, ಹಗ್ಗ, ಸೀರೆ, ಗಳು, ಖಾಲಿ ಕೊಡ ಏನಾದರೊಂದನ್ನು ಎಸೆಯಬೇಕೆಂಬುದನ್ನು ಪ್ರತಿ ಮಗುವಿಗೂ ರಜೆಯ ಮೊದಲ ದಿನವೇ ಹೇಳಿಕೊಡಬೇಕು.

ಸೆಖೆಯಿಂದ ನಿದ್ರೆ ಬಾರದ ರಾತ್ರಿಗಳನ್ನು ಮಾಳಿಗೆಯ ಮೇಲೆ ಕಳೆಯುವವರಿಗೆ ಆಕಾಶವೇ ಆಟದ ಬಯಲು. ಮೇ ತಿಂಗಳ ನಡುವಿನಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಸಪ್ತರ್ಷಿಮಂಡಲ ಮೇಲೆ ಎದ್ದುಕಾಣುತ್ತದೆ. ಅದರ ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅದಕ್ಕಂಟಿದ ಮಂದ ಚುಕ್ಕೆ ಅರುಂಧತಿ. ಮದುವೆಯಲ್ಲಿ ಪುರೋಹಿತರು ತೋರಿಸಿ ಯಾರೂ ಕಾಣದ ಆ ನಕ್ಷತ್ರವನ್ನು ಮೊದಲು ಕಂಡವರಿಗೆ ಒಂದು ಹೋಳು ಹಲಸಿನ ಹಣ್ಣೆಂದು ಪಂದ್ಯ ಕಟ್ಟಿ ನೋಡಿ. ಬಾಲದ ಬಾಗನ್ನೇ ಹಿಡಿದು ಮುಂದಕ್ಕೆ ಸಾಗಿದರೆ ಕಿತ್ತಳೆ ಛಾಯೆಯ ಸ್ವಾತಿ, ಇನ್ನೂ ಮುಂದಕ್ಕೆ ಬೆಳ್ಳಗಿನ ಚಿತ್ತಾ. ದಕ್ಷಿಣದ ದಿಗಂತಕ್ಕೆ ತುಸು ಮೇಲೆ, ದೆಹಲಿಯ ಮಕ್ಕಳಿಗೆ ಇಡಿಯಾಗಿ ಕಾಣಸಿಗದ ತ್ರಿಶಂಕುವಿನ ನಾಲ್ಕು ನಕ್ಷತ್ರಗಳು, ಅಡ್ಡಲಾಗಿ ಕಟ್ಟಡವಿಲ್ಲದಿದ್ದರೆ, ನಮ್ಮ ಮಕ್ಕಳಿಗೆ ಕಾಣುತ್ತವೆ.

ಕಟ್ಟಡಗಳು ಅಡ್ಡಬಂದಿರುವುದು ನಕ್ಷತ್ರಗಳಿಗೆ ಮಾತ್ರವೇ ಅಲ್ಲ. ಖಾಲಿ ನಿವೇಶನಗಳಿಗೆ ಬೇಲಿ ಬಿದ್ದಿದೆ; ಉದ್ಯಾನಗಳಲ್ಲಿ ಹುಲ್ಲು ತುಳಿಯಬಾರದು, ಚೆಂಡಾಡಬಾರದೆಂಬ ಫಲಕಗಳಿವೆ; ಬೀದಿಯನ್ನು ವಾಹನಗಳು ಆಕ್ರಮಿಸಿವೆ. ಹೀಗಿರುವಾಗ ಪ್ರತಿ ಬಡಾವಣೆಯಲ್ಲೂ, ಪ್ರತಿ ಹಳ್ಳಿಯಲ್ಲೂ ಮಕ್ಕಳಿಗಾಗಿಯೇ ಮೀಸಲಾದ ಬಯಲೊಂದು, ಮಕ್ಕಳಿಗೆ ನಿಜವಾಗಿ ಬೇಕಾದ ಏಳು ವಾರಗಳ ಕಾಲವೇ, ಬೀಗ ಹಾಕಿಕೊಂಡು ಬಿದ್ದಿರುತ್ತದೆ: ಅದು ಶಾಲೆಯ ಮೈದಾನ. ಕೊಠಡಿಗಳ ಬೀಗ ಹಾಗೆಯೇ ಇರಲಿ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ, ಸಂಜೆ ಐದರಿಂದ ಏಳರವರೆಗೆ ಹೊರಗಿನ ಗೇಟನ್ನು ತೆರೆದು, ಒಂದು ಹಂಡೆ ಕುಡಿಯುವ ನೀರನ್ನಿಟ್ಟು, ಸರದಿಯ ಮೇಲೆ ಪೋಷಕರೊಬ್ಬರು ಮೂಲೆಯ ಮರದಡಿ ಪತ್ರಿಕೆ ಓದುತ್ತ ಕುಳಿತಿರುವ ಏರ್ಪಾಡಿಗೆ ಸರ್ಕಾರದ ಅನುದಾನವೇನೂ ಬೇಕಾಗಿಲ್ಲ; ಶಾಲಾಭಿವೃದ್ಧಿ ಸಮಿತಿಯ ಸದಸ್ಯರೂ ಮುಖ್ಯೋಪಾಧ್ಯಾಯರೂ ಒಂದು ಸಂಜೆ ಕುಳಿತು ಮಾತನಾಡಿದರೆ ಆಗುವ ಕೆಲಸವಿದು. ಈ ಬೇಸಿಗೆಯ ರಜೆ ಆರಂಭವಾಗುವ ಮುನ್ನ ನಿಮ್ಮ ಊರಿನ ಸಮಿತಿಯನ್ನು ದಯವಿಟ್ಟು ಒಮ್ಮೆ ಕೇಳಿ.